ಹಿಂದಿನ ಶಿಲ್ಕು

ನನ್ನಪ್ಪ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದರು. ಬೆಳಿಗ್ಗೆ ಕಿರ್ದಿ ಪುಸ್ತಕ ತೆರೆದು, ಪುಟದ ನೆತ್ತಿಗೆ ಶ್ರೀಕಾರ ಹಾಕಿ, ಅದರ ಕೆಳಗೆ ಮೊದಲು ಬರೆಯುತ್ತಿದ್ದದ್ದು ಹಿಂದಿನ ಶಿಲ್ಕು. ನಿನ್ನೆ ಉಳಿದದ್ದೆಷ್ಟು ಅಂತ ಏರಿಸದೆ ಇವತ್ತಿನ ಒಂದು ಕಾಸನ್ನೂ ಅವರು ಬರೆಯುತ್ತಿರಲಿಲ್ಲ. ಹಳೇ ಪುಸ್ತಕ ಗೆದ್ದಲು ತಿಂದ ವರ್ಷ ಮೂರು ರಾತ್ರಿ ಲಾಟೀನು ಇಟ್ಟುಕೊಂಡು, ಬೆಳೆಗಾರರ ಮನೆಗಳಿಂದ ಚೀಟಿ ತರಿಸಿಕೊಂಡು, ಶಿಲ್ಕನ್ನು ಮತ್ತೆ ಕಟ್ಟಿದ್ದು ನನಗೆ ನೆನಪಿದೆ. ಆಗ ನನಗೆ ಒಂಬತ್ತು ವರ್ಷ. ಅಷ್ಟು ಕಷ್ಟ ಯಾಕೆ, ಹೊಸದಾಗಿ ಶುರು ಮಾಡಬಾರದಾ ಅಂತ ಕೇಳಿದ್ದೆ. ‘ಹೊಸದು ಅಂತ ಒಂದು ಎಲ್ಲಿರ್ತದೆ ಪುಟ್ಟಿ’ ಅಂದಿದ್ದರು.

ನಾನು ಮಾಡುವ ಕೆಲಸವೂ ಹೆಚ್ಚುಕಮ್ಮಿ ಅದೇ. 1996ರಲ್ಲಿ ಡೆಟ್ರಾಯಿಟ್ ಪಕ್ಕದ ಉಪನಗರಕ್ಕೆ ಬಂದೆ, ಈಗ ಶಿಕಾಗೋದ ಪಶ್ಚಿಮದ ಕಡೆ ಇದ್ದೇನೆ. ಎರಡೂ ಕಡೆ ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ವಿಭಾಗದಲ್ಲಿ ವೈದ್ಯಕೀಯ ಭೌತವಿಜ್ಞಾನಿಯ ಕೆಲಸ. ಊರಿನವರಿಗೆ ಹೇಳುವಾಗ ‘ಕರೆಂಟ್ ಕೊಡೋ ಕಡೆ ಇದೀನಿ’ ಅನ್ನುತ್ತೇನೆ, ಥಟ್ಟನೆ ಅರ್ಥವಾಗುತ್ತದೆ. ಎಷ್ಟು ಕೊಡಬೇಕು, ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಡಾಕ್ಟರು. ಕ್ಯಾನ್ಸರ್ ಗಂಟಿಗೆ ಎಷ್ಟು ಹೋಗುತ್ತದೆ, ಅದರ ಅಕ್ಕಪಕ್ಕದ ಬೆನ್ನುಹುರಿಗೆ, ಜೊಲ್ಲುಗ್ರಂಥಿಗೆ, ದವಡೆ ಮೂಳೆಗೆ ಎಷ್ಟು ತಾಗುತ್ತದೆ ಎಂದು ಲೆಕ್ಕ ಹಾಕಿ ಅವರ ಮುಂದಿಡುವವರು ನಾವು. ಲೆಕ್ಕದ ಅಳತೆ ಗ್ರೇ. ದೇಹಕ್ಕೆ ಒಮ್ಮೆ ಹೋದ ಗ್ರೇ ವಾಪಸ್ ಬರುವುದಿಲ್ಲ. ಅದಕ್ಕೇ ಎರಡನೇ ಸಲ ವಿಕಿರಣಕ್ಕೆ ಬಂದವರ ಲೆಕ್ಕ ಹಿಂದಿನ ಶಿಲ್ಕಿನಿಂದಲೇ ಶುರುವಾಗಬೇಕು.

2018ರ ಫೆಬ್ರುವರಿಯಲ್ಲಿ ಹಾಗೆ ಬಂದವರು ಕೊಪ್ಪ ಕಡೆಯ ಒಬ್ಬ ಗೌಡರು. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ, ಉಳಿದದ್ದು ನಡೆದಂತೆಯೇ ಇದೆ. ವಯಸ್ಸು ಎಪ್ಪತ್ತನಾಲ್ಕು. ಹೆಂಡತಿ ತೀರಿಕೊಂಡ ಮೇಲೆ ಮಗಳ ಜೊತೆ ನೇಪರ್‌ವಿಲ್‌ನಲ್ಲಿ ಇದ್ದರು. ಮಗಳು ನನಗೆ ವಿದ್ಯಾರಣ್ಯ ಕನ್ನಡ ಕೂಟದ ದೀಪಾವಳಿಯಲ್ಲಿ ಪರಿಚಯ. ಗೌಡರಿಗೆ 2009ರಲ್ಲಿ ಎಡಗೆನ್ನೆಯ ಒಳಗೆ ಕ್ಯಾನ್ಸರ್ ಆಗಿ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿ, ಆಮೇಲೆ ಕರೆಂಟ್ ಕೊಡಿಸಿದ್ದರು. ಒಂಬತ್ತು ವರ್ಷ ಏನೂ ಇರಲಿಲ್ಲ. ಈಗ ಎಡಗಡೆ ಕುತ್ತಿಗೆಯಲ್ಲಿ ಗಂಟು. ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ಕ್ಯಾರೋಟಿಡ್‌ಗೆ ಅದು ಅಂಟಿಕೊಂಡು ಕೂತಿತ್ತು. ಕತ್ತರಿಸಿ ಪೂರ್ತಿ ತೆಗೆಯಲು ಆಗುವುದಿಲ್ಲ ಎಂದು ಶಸ್ತ್ರವೈದ್ಯರು ಕೈಚೆಲ್ಲಿದ್ದರು.

ಹಳೆಯ ದಾಖಲೆ ಎಂದು ಅವರ ಹತ್ತಿರ ಇದ್ದದ್ದು ಒಂದೇ ಹಾಳೆ. 60 ಗ್ರೇ, 30 ಸಿಟ್ಟಿಂಗ್, ಕೋಬಾಲ್ಟ್ ಯಂತ್ರ. ಯಾವ ದಿಕ್ಕಿನಿಂದ, ಎಷ್ಟಗಲದ ಕಿಟಕಿಯಲ್ಲಿ, ಬೆನ್ನುಹುರಿಯನ್ನು ಯಾವಾಗ ಮರೆಮಾಡಿದರು ಅನ್ನುವುದು ಅದರಲ್ಲಿರಲಿಲ್ಲ. ನಮ್ಮ ರಾತ್ರಿ ಹನ್ನೊಂದಕ್ಕೆ, ಅಂದರೆ ಅವರ ಬೆಳಿಗ್ಗೆಗೆ, ಮೂರು ದಿನ ಬೆಂಗಳೂರಿಗೆ ಫೋನ್ ಮಾಡಿದೆ. ನಾಲ್ಕನೇ ದಿನ ಅಲ್ಲಿನ ಒಬ್ಬ ಟೆಕ್ನಿಷಿಯನ್ ಹಳೇ ಕಪಾಟಿನಿಂದ ಕಾರ್ಡು ಹುಡುಕಿ ತೆಗೆದು ವಾಟ್ಸ್ಯಾಪ್‌ನಲ್ಲಿ ಫೋಟೋ ಕಳಿಸಿದರು. ನೀಲಿ ಬಾಲ್‌ಪೆನ್ನಿನಲ್ಲಿ ಮುಖದ ಗೆರೆಚಿತ್ರ, ಅದರ ಮೇಲೆ ಎರಡು ಚೌಕ, ಪಕ್ಕದಲ್ಲಿ 44 ಗ್ರೇ ನಂತರ ಹಿಂದಿನ ಗಡಿ ಮುಂದಕ್ಕೆ ತಂದು ಬೆನ್ನುಹುರಿ ಬಿಟ್ಟಿದ್ದಾರೆಂಬ ಗುರುತು. ದಿನಕ್ಕೊಂದರಂತೆ ಮೂವತ್ತು ಸಹಿ. ಆ ಮೂವತ್ತು ಸಹಿ ನೋಡಿ ಅಪ್ಪನ ಲಾಟೀನು ನೆನಪಾಯಿತು. ಆ ಕಾರ್ಡು ಕಾಪಾಡಿದವರ ಹೆಸರು ಗೌಡರಿಗೆ ಗೊತ್ತಾಗಲೇ ಇಲ್ಲ.

ಆ ಕೋಬಾಲ್ಟ್ ಹುಟ್ಟುವುದು ಅಣು ರಿಯಾಕ್ಟರಿನಲ್ಲಿ. ಮನುಷ್ಯ ಕಟ್ಟಿದ ಮೊದಲ ರಿಯಾಕ್ಟರ್ ನಡೆದದ್ದು 1942ರ ಡಿಸೆಂಬರ್ 2ರಂದು, ಶಿಕಾಗೋ ವಿಶ್ವವಿದ್ಯಾಲಯದ ಸ್ಟ್ಯಾಗ್ ಫೀಲ್ಡ್ ಮೈದಾನದ ಗ್ಯಾಲರಿಯ ಕೆಳಗೆ, ಎನ್ರಿಕೊ ಫರ್ಮಿಯ ಮೇಲ್ವಿಚಾರಣೆಯಲ್ಲಿ. ನನ್ನ ಮನೆಯಿಂದ ಗಂಟೆಯ ದಾರಿ. ಅಲ್ಲಿ ಈಗ ಹೆನ್ರಿ ಮೂರ್ ಮಾಡಿದ ಕಂಚಿನ ಶಿಲ್ಪವಿದೆ. ಆ ದಿನದ ಬೆಳೆ ಒಂದು ಕಡೆ ನಾಗಸಾಕಿಗೆ ಹೋಯಿತು, ಇನ್ನೊಂದು ಕಡೆ ಕೊಪ್ಪದ ರೈತರೊಬ್ಬರ ಕೆನ್ನೆಗೆ ಬಂದು ಒಂಬತ್ತು ವರ್ಷ ಆಯುಸ್ಸು ಕೊಟ್ಟಿತು. ಕರ್ಮದ ಫಲ ಮಾಡಿದವನಿಗೇ ಹೋಗಿ ಸೇರುತ್ತದೆ ಎಂದು ಸಣ್ಣವಳಿದ್ದಾಗ ಕೇಳಿದ್ದೆ. ಆ ಶಿಲ್ಪದ ಮುಂದೆ ನಿಂತಾಗೆಲ್ಲ ಲೆಕ್ಕ ಅಷ್ಟು ಸಲೀಸಲ್ಲ ಅನಿಸುತ್ತದೆ.

ವೇದಾಂತ ಹೇಳುವವರು ಕರ್ಮವನ್ನು ಬಾಣಕ್ಕೆ ಹೋಲಿಸುತ್ತಾರೆ. ಬತ್ತಳಿಕೆಯಲ್ಲಿ ಕೂಡಿಟ್ಟದ್ದು ಸಂಚಿತ. ಬಿಲ್ಲಿನಿಂದ ಹೊರಟುಹೋದದ್ದು ಪ್ರಾರಬ್ಧ, ಅದನ್ನು ಹಿಂದಕ್ಕೆ ಕರೆಯಲಾಗದು. ಇನ್ನು ಹೂಡಬೇಕಾದದ್ದು ಆಗಾಮಿ. ಅಮ್ಮ ಯಾವ ಕಾಯಿಲೆ ಬಂದರೂ ಪ್ರಾರಬ್ಧ ಅನುಭವಿಸಿಯೇ ತೀರಬೇಕು ಎನ್ನುತ್ತಿದ್ದಳು. 2009ರಲ್ಲಿ ಗೌಡರಿಗೆ ಹೋದ 60 ಗ್ರೇ ಹೊರಟುಹೋದ ಬಾಣ ಅನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಅದರ ಗಾಯ ಒಂಬತ್ತು ವರ್ಷದ ಮೇಲೂ ಅಷ್ಟೇ ಆಳ ಇರುತ್ತದೆಯೇ? ನನ್ನ ವೃತ್ತಿಗೆ ಇದು ದಿನನಿತ್ಯದ ಪ್ರಶ್ನೆ, ಧರ್ಮಕ್ಕೂ ಇದೇ ಪ್ರಶ್ನೆ ಎಂದು ನಂಬಿದ್ದೇನೆ.

ಇದಕ್ಕೆ ಉತ್ತರ ಕೊಟ್ಟದ್ದು ಮಂಗಗಳು. ಹ್ಯೂಸ್ಟನ್‌ನಲ್ಲಿ ಕಿಯಾನ್ ಆಂಗ್ ಎಂಬ ವೈದ್ಯರ ತಂಡ ರೀಸಸ್ ಮಂಗಗಳ ಬೆನ್ನುಹುರಿಗೆ ಮೊದಲು 44 ಗ್ರೇ ಕೊಟ್ಟು, ಒಂದು, ಎರಡು, ಮೂರು ವರ್ಷ ಬಿಟ್ಟು ಮತ್ತೆ ಕೊಟ್ಟು ನೋಡಿತು. 2001ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಬೆನ್ನುಹುರಿ ಮೊದಲ ಪೆಟ್ಟಿನ ಬಹುಭಾಗವನ್ನು ಮರೆತಿತ್ತು. ಅತ್ಯಂತ ಎಚ್ಚರಿಕೆಯ ಲೆಕ್ಕದಲ್ಲೂ ಐದರಲ್ಲಿ ಮೂರು ಪಾಲು. ಗೌಡರ ಬೆನ್ನುಹುರಿಗೆ ಹೋಗಿದ್ದದ್ದೂ 44. ಬೆಂಗಳೂರಿನ ಕಾರ್ಡಿನ 44, ಆ ಮಂಗಗಳ 44, ಎರಡನ್ನೂ ಒಂದೇ ಹಾಳೆಯ ಮೇಲೆ ಪಕ್ಕಪಕ್ಕ ಬರೆದುಕೊಂಡು ಸುಮಾರು ಹೊತ್ತು ಕೂತಿದ್ದೆ. ಮಲೆನಾಡಿನಲ್ಲಿ ಮಂಗ ಬಂದರೆ ತೋಟ ಹಾಳು ಎಂದು ಓಡಿಸುತ್ತೇವೆ, ಸತ್ತ ಮಂಗ ಸಿಕ್ಕರೆ ಹೂವು ಅರಿಸಿನ ಇಟ್ಟು ಮಣ್ಣು ಮಾಡುತ್ತೇವೆ. ಕಾಲು ಸ್ವಾಧೀನ ತಪ್ಪುತ್ತದೋ ಇಲ್ಲವೋ ಎಂದು ನೋಡಲಿಕ್ಕಾಗಿಯೇ ಸಾಕಿದ ಆ ಪ್ರಾಣಿಗಳ ಬಾಕಿ ಯಾರ ಖಾತೆಯಲ್ಲಿದೆ? ಅವುಗಳಿಂದಾಗಿ ನಾನು ಧೈರ್ಯವಾಗಿ ಲೆಕ್ಕ ಬರೆಯುತ್ತೇನೆ, ಆದ್ದರಿಂದ ಒಂದು ಪಾಲು ನನ್ನದು. ಅದನ್ನು ಇಲ್ಲ ಅನ್ನಲಾರೆ. ಪ್ರತಿ ಶನಿವಾರ ಮನೆಯಲ್ಲಿ ಆಂಜನೇಯನ ಪಟಕ್ಕೆ ದೀಪ ಹಚ್ಚುವಾಗ ಅವು ಮನಸ್ಸಿಗೆ ಬರುತ್ತವೆ.

ಬೆನ್ನುಹುರಿಯ ಲೆಕ್ಕ ಹೀಗೆ ಬಗೆಹರಿಯಿತು. ರಕ್ತನಾಳದ್ದು ಬಗೆಹರಿಯಲಿಲ್ಲ. ಬೆನ್ನುಹುರಿಗೆ ಇರುವಂಥ ಗಟ್ಟಿ ಗಡಿ ಕ್ಯಾರೋಟಿಡ್‌ಗೆ ಇಲ್ಲ. ಗಂಟು ಅದರ ಗೋಡೆಯನ್ನು ತಿಂದಿರುತ್ತದೆ, ಹಳೆಯ ವಿಕಿರಣ ಅದನ್ನು ಒಣಗಿಸಿರುತ್ತದೆ, ಹೊಸದು ಮೇಲೆ ಬೀಳುತ್ತದೆ. ಒಡೆದರೆ ಉಳಿಯುವವರು ಕಡಿಮೆ. ತಲೆ ಕುತ್ತಿಗೆಗೆ ಎರಡನೇ ಸಲ ವಿಕಿರಣ ಪಡೆದ 1554 ಜನರ ದಾಖಲೆಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 41 ಜನರಿಗೆ ಹಾಗಾಗಿತ್ತು. ನೂರಕ್ಕೆ ಎರಡೂವರೆಯಿಂದ ಮೂರು.

ಟ್ಯೂಮರ್ ಬೋರ್ಡ್ ಅನ್ನುವುದು ವಾರಕ್ಕೊಮ್ಮೆ ಬೆಳಿಗ್ಗೆ ಏಳಕ್ಕೆ ಸೇರುವ ಸಭೆ. ಗೌಡರ ವಿಷಯ ಬಂದ ದಿನ ಮಾತು ಎರಡು ಪಾಲಾಯಿತು. ಈ ಊರಿನದೇ ಅನುಭವ ಮುಂದಿತ್ತು. ಶಿಕಾಗೋ ವಿಶ್ವವಿದ್ಯಾಲಯದವರು ಮೊದಲೇ ವಿಕಿರಣ ಪಡೆದಿದ್ದ 115 ಜನರಿಗೆ ಕೀಮೋ ಜೊತೆ ಮತ್ತೆ ಪೂರ್ತಿ ವಿಕಿರಣ ಕೊಟ್ಟು, 2006ರಲ್ಲಿ ಅದರ ಫಲಿತಾಂಶ ಬರೆದರು. ಮೂರು ವರ್ಷದ ನಂತರ ಬದುಕಿದ್ದವರು ನೂರಕ್ಕೆ 22. ಚಿಕಿತ್ಸೆಯ ಕಾರಣದಿಂದಲೇ ತೀರಿಕೊಂಡವರು 19 ಜನ, ಅದರಲ್ಲಿ ಐವರಿಗೆ ಕ್ಯಾರೋಟಿಡ್ ಒಡೆದದ್ದು. ಹತ್ತೊಂಬತ್ತನ್ನು ಮುಚ್ಚಿಡದೆ ಬರೆದರಲ್ಲ, ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಒಬ್ಬ ವೈದ್ಯರು 22ನ್ನು ಹಿಡಿದು ಮಾತಾಡಿದರು, ಇನ್ನೊಬ್ಬರು 19ನ್ನು ಹಿಡಿದು. ಮುಂದಿದ್ದ ದಾರಿ ಮೂರು. ಆರು ವಾರದ ಪೂರ್ತಿ ಚಿಕಿತ್ಸೆ. ಐದೇ ಸಲದಲ್ಲಿ ದೊಡ್ಡ ಡೋಸು. ಇಲ್ಲವೇ ವಿಕಿರಣ ಬಿಟ್ಟು 2016ರಲ್ಲಿ ಒಪ್ಪಿಗೆ ಸಿಕ್ಕ ಇಮ್ಯುನೊಥೆರಪಿ. ಮೂರರಲ್ಲಿ ಯಾವುದೂ ತಪ್ಪಲ್ಲ, ಯಾವುದಕ್ಕೂ ಭರವಸೆಯಿಲ್ಲ.

ಗೌಡರೊಂದಿಗೆ ಮಾತಾಡುವಾಗ ನಿಯಮದಂತೆ ಫೋನಿನಲ್ಲಿ ಅನುವಾದಕರಿದ್ದರು. ಡಾಕ್ಟರು ಕೇಳಿದ್ದಕ್ಕೆ ನಾನೂ ಕೂತಿದ್ದೆ. ‘ಬದುಕುಳಿಯುವ ಸಂಭವನೀಯತೆ ಶೇಕಡಾ ಇಪ್ಪತ್ತೆರಡು’ ಎಂದು ಫೋನಿನಿಂದ ಬಂತು. ಗೌಡರು ನನ್ನ ಕಡೆ ತಿರುಗಿದರು.

‘ಎಂತ ತಂಗೀ ಹಂಗಂದ್ರೆ? ನೂರು ಮರದಲ್ಲಿ ಇಪ್ಪತ್ತೆರಡು ಉಳೀತಾವೆ ಅಂತನಾ?’

‘ಹೌದು ಗೌಡ್ರೇ.’

‘ನಾನು ಒಂದೇ ಮರ ಅಲ್ಲನಾ?’

ಯಾರೂ ಮಾತಾಡಲಿಲ್ಲ. ಅಂಕಿಅಂಶದ ವಿದ್ಯೆ ನೂರಾರು ಪುಟದಲ್ಲಿ ಸುತ್ತುವ ಕಷ್ಟವನ್ನು ಅವರು ನಾಲ್ಕು ಮಾತಲ್ಲಿ ಹೇಳಿದ್ದರು. ಡಾಕ್ಟರಿಗೆ ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು, ಹೌದು, ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ ಅಂದರು.

ಗೌಡರು ಸ್ವಲ್ಪ ಹೊತ್ತು ಬಿಟ್ಟು ಕೊಳೆರೋಗದ ಮಾತು ತೆಗೆದರು. ಮಳೆ ಹಿಡಿಯುವುದಕ್ಕೆ ಮೊದಲೇ ಮೈಲುತುತ್ತ ಸುಣ್ಣ ಕಲಸಿ ಅಡಿಕೆ ಗೊನೆಗೆ ಹೊಡೆಯಬೇಕು. ಆ ವರ್ಷ ಮಳೆ ಹೇಗೆ ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಾಗಲಿ ಎಂದು ಕಾದರೆ ಅಷ್ಟರಲ್ಲಿ ಕೊಳೆ ಹತ್ತಿರುತ್ತದೆ. ಹೊಡೆದ ವರ್ಷವೂ ಫಸಲು ಹೋದದ್ದುಂಟು, ಹೊಡೆಯದ ವರ್ಷ ಉಳಿದದ್ದೂ ಉಂಟು. ‘ಆದ್ರೂ ಹೊಡೀತೀವಿ. ಹೊಡೆಯೋದು ನಮ್ಮ ಕೆಲಸ. ಮಳೆ ನಮ್ಮದಲ್ಲ.’ ಆಮೇಲೆ ಕೇಳಿದರು: ‘ಗೋಣು ಒಡೀಬಹುದು ಅಂದ್ರಲ್ಲ, ಅದು ನೋವಾಗ್ತದಾ?’ ಹೆಚ್ಚು ಹೊತ್ತು ಗೊತ್ತಾಗುವುದಿಲ್ಲ ಎಂದು ಡಾಕ್ಟರು ಸತ್ಯವನ್ನೇ ಹೇಳಿದರು. ಮಗಳು ಎದ್ದು ಕಿಟಕಿಯ ಹತ್ತಿರ ಹೋದಳು.

ಆ ಮೂರು ಪರ್ಸೆಂಟನ್ನು ಅಪ್ಪನಿಗೆ ಹೇಳಲೇಬಾರದು ಎಂದು ಮಗಳು ಮೊದಲು ಬೇಡಿಕೊಂಡಿದ್ದಳು. ಅದೇ ಮಗಳು ತನಗೆ ಮಾತ್ರ ಪ್ರತಿಯೊಂದು ಅಂಕಿಯೂ ಬೇಕು ಅನ್ನುತ್ತಿದ್ದಳು. ಅವಳು ಮಿಷಿಗನ್‌ನಲ್ಲಿ ಓದಿದವಳು. ಡೆಟ್ರಾಯಿಟ್ ಸುತ್ತಲಿನವರಿಗೆ ಫರೀದ್ ಫತಾ ಎಂಬ ಕ್ಯಾನ್ಸರ್ ವೈದ್ಯನ ಹೆಸರು ಮರೆಯುವಂಥದ್ದಲ್ಲ. ಕ್ಯಾನ್ಸರ್ ಇಲ್ಲದವರಿಗೂ ಕೀಮೋ ಕೊಟ್ಟು ಹಣ ಮಾಡಿದ್ದಕ್ಕೆ 2015ರ ಜುಲೈನಲ್ಲಿ ಅವನಿಗೆ 45 ವರ್ಷ ಜೈಲಾಯಿತು. ಆಮೇಲೆ ಎಷ್ಟೋ ಮನೆಗಳಲ್ಲಿ ‘ಇದು ನಿಜಕ್ಕೂ ಬೇಕಾ’ ಅನ್ನುವ ಪ್ರಶ್ನೆ ಡಾಕ್ಟರ ಕೋಣೆಗೆ ರೋಗಿಗಿಂತ ಮೊದಲು ಬಂದು ಕೂರುತ್ತಿತ್ತು. ಆ ಪ್ರಶ್ನೆಗೆ ನಾನು ಬೇಸರಪಡುವುದಿಲ್ಲ. ತನ್ನ ಮೈಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವವರು ಕೇಳಲೇಬೇಕು. ಆದರೆ ಗೌಡರಿಗೆ ಮುಚ್ಚಿಟ್ಟಿದ್ದರೆ ಆ ಕೊಳೆರೋಗದ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ, ತೀರ್ಮಾನ ಅವರದಾಗುತ್ತಿರಲಿಲ್ಲ.

ಅವರು ಪೂರ್ತಿ ಚಿಕಿತ್ಸೆಯನ್ನೇ ಆರಿಸಿದರು.

ಗೀತೆಯ ಹದಿನೆಂಟನೇ ಅಧ್ಯಾಯದಲ್ಲಿ ಒಂದು ಮಾತಿದೆ, ನಮ್ಮಲ್ಲಿ ಅದನ್ನು ಎತ್ತಿ ಆಡುವವರು ಕಡಿಮೆ. ಯಾವ ಕೆಲಸವೇ ಆಗಲಿ ಕೈಗೂಡಲು ಐದು ಕಾರಣ: ಅಧಿಷ್ಠಾನವಾದ ದೇಹ, ಮಾಡುವ ಕರ್ತೃ, ಸಾಧನಗಳಾದ ಬಗೆಬಗೆಯ ಕರಣಗಳು, ಬೇರೆ ಬೇರೆ ಚೇಷ್ಟೆಗಳು, ಕೊನೆಗೆ ದೈವ. ನನಗೆ ಇಪ್ಪತ್ತು ವರ್ಷದಿಂದ ಈ ಪಟ್ಟಿಯೇ ಸಂಧ್ಯಾವಂದನೆ. ದೈವ ಇದೆ, ಅದನ್ನು ಅಲ್ಲಗಳೆದಿಲ್ಲ. ಆದರೆ ಐದನೆಯ ಸ್ಥಾನದಲ್ಲಿದೆ. ಮೊದಲ ನಾಲ್ಕನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡದವರಿಗೆ ಹಣೆಬರಹ ಅನ್ನುವ ಅಧಿಕಾರವಿಲ್ಲ. ಬೆಂಗಳೂರಿನ ಕಾರ್ಡು ಹುಡುಕದೆ ನಾನು ಪ್ರಾರಬ್ಧ ಎಂದಿದ್ದರೆ, ನನ್ನ ಸೋಮಾರಿತನಕ್ಕೆ ದೇವರ ಹೆಸರಿಟ್ಟಂತೆ.

ಕರಣ ಎಂದರೆ ನನಗೆ ಡೆಟ್ರಾಯಿಟ್. ನಾನು ಬಂದಾಗ ರೋಗಿ ಸರಿಯಾದ ಜಾಗದಲ್ಲಿ ಮಲಗಿದ್ದಾರೆಯೇ ಎಂದು ವಾರಕ್ಕೊಂದು ಫಿಲ್ಮ್ ತೆಗೆದು ನೋಡುತ್ತಿದ್ದೆವು. ಮಸುಕು ಮಸುಕು ಮೂಳೆ. ಉಳಿದ ನಾಲ್ಕು ದಿನ ನಂಬಿಕೆಯ ಮೇಲೆ. ಅಲ್ಲೇ ಹತ್ತಿರ ರಾಯಲ್ ಓಕ್‌ನ ಬೋಮಾಂಟ್ ಆಸ್ಪತ್ರೆಯಲ್ಲಿ ಡಿ ಯಾನ್, ಆಲ್ವಾರೊ ಮಾರ್ಟಿನೆಜ್ ಮೊದಲಾದವರು, ರೋಗಿಯ ಮೈ ದಿನದಿನ ಬದಲಾಗುವುದನ್ನು ನೋಡಿ ಯೋಜನೆಯನ್ನೂ ಬದಲಿಸಬೇಕು ಎಂದು 1997ರಲ್ಲಿ ಬರೆದರು. 2002ರಲ್ಲಿ ಡೇವಿಡ್ ಜಾಫ್ರೆ ಮತ್ತು ಜೊತೆಗಾರರು ಚಿಕಿತ್ಸೆಯ ಯಂತ್ರಕ್ಕೇ ಕೋನ್ ಬೀಮ್ ಸಿ.ಟಿ. ಜೋಡಿಸುವ ಬಗೆ ತೋರಿಸಿದರು. ಈಗ ಪ್ರತಿದಿನ ಯಂತ್ರದ ಮೇಲೇ ಮೆತ್ತನೆಯ ಅಂಗಗಳೂ ಕಾಣುತ್ತವೆ, ಎರಡು ಮಿಲಿಮೀಟರ್ ಸರಿದರೂ ತಿಳಿಯುತ್ತದೆ. ಹಾಗೆ ಕಾಣತೊಡಗಿದ ದಿನದಿಂದ ನನ್ನ ಹೊಣೆ ಹಗುರಾಗಲಿಲ್ಲ, ಭಾರವಾಯಿತು. ಕಾಣದಿದ್ದಾಗ ದೈವದ ಪಾಲಿನಲ್ಲಿದ್ದದ್ದು, ಕಂಡ ಮೇಲೆ ಕರ್ತೃವಿನ ಪಾಲಿಗೆ ಬರುತ್ತದೆ. ದೈವದ ಪಾಲು ಎಷ್ಟು ಎಂದು ಗೆರೆ ಹಾಕಿ ಯಾರೂ ಕೊಟ್ಟಿಲ್ಲ; ನಾವು ಕಲಿತಷ್ಟೂ ಆ ಗೆರೆ ಹಿಂದೆ ಸರಿಯುತ್ತದೆ.

ಗೌಡರ ಕ್ಯಾರೋಟಿಡ್ ಅನ್ನು ನಾನೇ ಬರೆಯುತ್ತೇನೆಂದು ಕೇಳಿ ತೆಗೆದುಕೊಂಡೆ. ಕುತ್ತಿಗೆಯ ಸಿ.ಟಿ. ಮೂರು ಮಿಲಿಮೀಟರಿಗೊಂದು ಹಾಳೆಯಂತೆ ಪರದೆಯ ಮೇಲೆ ಬರುತ್ತದೆ. ಪ್ರತಿ ಹಾಳೆಯಲ್ಲೂ ಆ ನಾಳ ಬಟಾಣಿ ಕಾಳಿನಷ್ಟು ಒಂದು ದುಂಡು. ಅದರ ಸುತ್ತ ಮೌಸ್ ಹಿಡಿದು ಕೆಂಪು ಗೆರೆ ಎಳೆಯಬೇಕು. ಮೇಲಿನಿಂದ ಕೆಳಕ್ಕೆ ನಲವತ್ತೊಂದು ಹಾಳೆ. ಹದಿನೇಳನೆಯದರಿಂದ ಇಪ್ಪತ್ತಾರನೆಯದರವರೆಗೆ ಗಂಟಿಗೂ ನಾಳಕ್ಕೂ ನಡುವೆ ಬೂದುಬಣ್ಣದ ಒಂದು ಎಳೆಯೂ ಇರಲಿಲ್ಲ. ಅಲ್ಲಿ ಕೈ ನಿಂತಿತು. ಗೆರೆಯನ್ನು ಕೂದಲಷ್ಟು ಆಚೆ ಎಳೆದರೆ ಗಂಟಿಗೆ ಡೋಸು ಸಾಲದು, ಈಚೆ ಎಳೆದರೆ ನಾಳಕ್ಕೆ ಜಾಸ್ತಿ. ಮೂರು ಸಲ ಅಳಿಸಿ ಎಳೆದು, ಡಾಕ್ಟರನ್ನು ಕರೆದು ತೋರಿಸಿದೆ. ಇಬ್ಬರೂ ಒಂದು ಗಂಟೆ ಕೂತೆವು. ಗಂಟು, ಅದರ ಸುತ್ತ ಸಣ್ಣ ಅಂಚು, ಅಷ್ಟಕ್ಕೇ ವಿಕಿರಣ. ಮುಂಜಾಗ್ರತೆಗೆ ಎಂದು ಅಕ್ಕಪಕ್ಕ ಕೊಡುವುದು ಬೇಡ ಎಂದು ತೀರ್ಮಾನವಾಯಿತು.

ಆರು ವಾರ ಅವರು ಒಂದು ದಿನವೂ ತಪ್ಪಿಸಲಿಲ್ಲ. ಬಿಸಿನೀರಲ್ಲಿ ಮೆತ್ತಗೆ ಮಾಡಿ ಮುಖಕ್ಕೆ ಒತ್ತಿ ಮಾಡಿದ ಪ್ಲಾಸ್ಟಿಕ್ ಜಾಲರಿಯ ಮುಖವಾಡ ತೊಡಿಸಿ ಹಲಗೆಗೆ ಬಿಗಿದಾಗ, ಕಣ್ಣು ಮುಚ್ಚಿ ಬೆರಳು ಮಾತ್ರ ಆಡಿಸುತ್ತಿದ್ದರು, ಎಣಿಸುವವರ ಹಾಗೆ. ನಾಲ್ಕನೇ ವಾರ ಒಂದು ದಿನ ಕೇಳಿದರು, ‘ಇದು ಅಡಿಕೆಯಿಂದ ಬಂದದ್ದಾ ತಂಗೀ?’ ಹೊಗೆಸೊಪ್ಪು ಅವರು ಮುಟ್ಟಿದವರಲ್ಲ. ಎಲೆ ಅಡಿಕೆ ಮಾತ್ರ, ಐವತ್ತು ವರ್ಷ. ಅಡಿಕೆಯೇ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಇರಬಹುದು ಅಂದೆ. ನನ್ನ ಶಾಲೆಯ ಫೀಸು, ಮೈಸೂರಿನ ಎಂ.ಎಸ್‌ಸಿ., ಇಲ್ಲಿಗೆ ಬಂದ ವಿಮಾನದ ಟಿಕೆಟ್ಟು, ಎಲ್ಲವೂ ಮಂಡಿಯ ಅಡಿಕೆಯಿಂದಲೇ ಬಂದದ್ದು ಎಂದೂ ಹೇಳಿದೆ. ಹೇಳದೆ ಇರಲು ಆಗಲಿಲ್ಲ. ಅವರು ನನ್ನ ಕೈ ಹಿಡಿದು, ‘ನನ್ನ ಮಗಳನ್ನೂ ಅದೇ ಓದಿಸ್ತು’ ಅಂದರು.

ಬೇಸಿಗೆಯ ಕೊನೆಯ ಸ್ಕ್ಯಾನಿನಲ್ಲಿ ಗಂಟು ಕಾಣಲಿಲ್ಲ. ಅನ್ನ ಸಾರು ನುಂಗುವಷ್ಟು ಗಂಟಲು ಸುಧಾರಿಸಿತು. ನವೆಂಬರಿನಲ್ಲಿ ಕೊನೆಕೊಯ್ಲಿಗೆ ಇರಬೇಕೆಂದು ಊರಿಗೆ ಹೋದರು. 2019ರ ಜನವರಿ ಕೊನೆಯ ವಾರ, ಬೆಳಿಗ್ಗೆ ಅಂಗಳದಲ್ಲಿ ಅಡಿಕೆ ಹರವಿದ್ದನ್ನು ನೋಡುತ್ತ ನಿಂತಿದ್ದಾಗ ಕುತ್ತಿಗೆಯಿಂದ ರಕ್ತ ಬಂತು. ಒಳಗೆ ಕರೆದುಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತು.

ಮಗಳು ಫೋನ್ ಮಾಡಿ ಕೇಳಿದಳು, ‘ಅಕ್ಕ, ಅದು ಆ ಮೂರು ಪರ್ಸೆಂಟಾ?’

ಹೌದು ಅಂದೆ.

ಆ ರಾತ್ರಿ ಗೌಡರ ಯೋಜನೆಯನ್ನು ಮತ್ತೆ ತೆರೆದು ಮೊದಲಿನಿಂದ ನೋಡಿದೆ. ಲೆಕ್ಕ ತಪ್ಪಿರಲಿಲ್ಲ. ನಾಳೆ ಅಂಥವರೇ ಬಂದು ಅದನ್ನೇ ಕೇಳಿದರೆ ಅದನ್ನೇ ಮಾಡುತ್ತೇನೆ. ಹಾಗಂತ ಇದರಲ್ಲಿ ನನ್ನದೇನೂ ಇಲ್ಲ, ಎಲ್ಲ ದೈವದ್ದು ಎಂದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ತಪ್ಪು ಮಾಡಿದವರಿಗೆ ಮಾತ್ರ ಬಾಕಿ ಇರುತ್ತದೆ ಎಂದು ಅಪ್ಪನ ಕಿರ್ದಿಯಲ್ಲಿ ಎಲ್ಲೂ ಇರಲಿಲ್ಲ. ಕೊಟ್ಟು ತೆಗೆದುಕೊಂಡವರಿಗೆಲ್ಲ ಇರುತ್ತಿತ್ತು. ಒಂಬತ್ತು ತಿಂಗಳು ಅವರು ಉಂಡ ಅನ್ನವೂ ನನ್ನ ಪುಟದಲ್ಲಿದೆ, ಆ ಬೆಳಗೂ ಇದೆ. ಒಂದರಿಂದ ಇನ್ನೊಂದನ್ನು ಕಳೆದು ಸೊನ್ನೆ ಮಾಡಲು ಬರುವುದಿಲ್ಲ.

ವರ್ಷಾಂತಿಕ ಮುಗಿಸಿ ಬಂದ ಮೇಲೆ ಮಗಳು ಅಪ್ಪನ ಚಿತ್ರಗಳನ್ನು ನೋಡಬೇಕೆಂದಳು. ಆಸ್ಪತ್ರೆಯ ಅನುಮತಿ ಪಡೆದು ನನ್ನ ಪಕ್ಕದಲ್ಲೇ ಕೂರಿಸಿಕೊಂಡು ಒಂದೊಂದೇ ಹಾಳೆ ಸರಿಸಿದೆ. ದವಡೆ ಹಸಿರು, ಬೆನ್ನುಹುರಿ ಹಳದಿ, ಗಂಟಿಗೆ ನೀಲಿ. ಇಪ್ಪತ್ತೊಂದನೇ ಹಾಳೆಯಲ್ಲಿ ಅವಳು ನನ್ನ ಕೈ ತಡೆದು, ಪರದೆಯ ಮೇಲಿನ ಕೆಂಪು ದುಂಡನ್ನು ಬೆರಳಿಂದ ಮುಟ್ಟಿದಳು.

‘ಈ ಗೆರೆ ಎಳೆದವರು ಯಾರು ಅಕ್ಕ?’

‘ನಾನೇ.’